ಅಜ್ಜನ ಚರಿತ್ರೆಯಲ್ಲಿ ಪಕ್ಕದ ಮನೆಯವನು

ಚಿತ್ರದುರ್ಗದ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಅಜ್ಜನ ಜೀವನಚರಿತ್ರೆ ಬರೆದಿದ್ದರು. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡಿಕೊಡಿ ಎಂದು ಹಸ್ತಪ್ರತಿ ತಂದುಕೊಟ್ಟರು. ಸ್ವಂತ ದುಡ್ಡು ಹಾಕಿ ಪುಸ್ತಕ ತರುವವರ ಬರಹ ತಿದ್ದಿಕೊಡುವುದು ನನ್ನ ಕೆಲಸ. ಈ ಒಂದು ಹಸ್ತಪ್ರತಿಯ ಕಥೆಯನ್ನು ಅವರ ಒಪ್ಪಿಗೆ ಪಡೆದು, ಹೆಸರುಗಳನ್ನೂ ಊರನ್ನೂ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಪುಸ್ತಕಗಳು ವರ್ಷ ವರ್ಷ ಬರುತ್ತಿವೆ. ಮೊಮ್ಮಕ್ಕಳು ಅಜ್ಜ-ಅಜ್ಜಿಯರ ಬದುಕು ದಾಖಲಿಸುತ್ತಿರುವುದು ನನಗೆ ತುಂಬ ಬೆಲೆಯ ಕೆಲಸವಾಗಿ ಕಾಣುತ್ತದೆ. ಆದ್ದರಿಂದಲೇ ಈ ಪ್ರಕರಣವನ್ನು ವಿವರವಾಗಿ ಹೇಳಬೇಕೆನಿಸಿತು.

ಅಜ್ಜನ ಊರು ತುರುವನೂರಿನ ಆಸುಪಾಸು. 1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದ ಅಬಕಾರಿ ಸರ್ಕಾರಕ್ಕೆ ದೊಡ್ಡ ವರಮಾನ. ಮರಕ್ಕೆ ಕೊಡಲಿ ಹಾಕಿದರೆ ಕಾನೂನನ್ನೂ ಮುರಿದಂತೆ, ಕುಡಿತದ ವಿರುದ್ಧವೂ ನಿಂತಂತೆ. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ ಅದರ ಮುಂದಾಳಾಗಿ ಜೈಲು ಕಂಡರು. ಅವರೊಂದಿಗೆ ಹೆಸರಿಲ್ಲದ ನೂರಾರು ರೈತರೂ ನಿಂತಿದ್ದರು. ಮೇಷ್ಟ್ರ ಅಜ್ಜ ಅಂಥವರಲ್ಲಿ ಒಬ್ಬರು. ಆಮೇಲೆ ಬೇಸಾಯ ಮಾಡಿಕೊಂಡಿದ್ದು, ವಯಸ್ಸಾಗಿ ತೀರಿಕೊಂಡರು. ಅವರ ಬಗ್ಗೆ ಉಳಿದಿದ್ದು ಒಂದು ಟ್ರಂಕಿನಷ್ಟು ಕಾಗದ, ದಾವಣಗೆರೆಯಲ್ಲಿರುವ ಮಗಳ ನೆನಪು, ಊರಿನವರ ಬಾಯಿಮಾತು.

ಮೊದಲ ಅಧ್ಯಾಯ ಹೀಗೆ ಶುರುವಾಗುತ್ತಿತ್ತು:

“ಹುಣ್ಣಿಮೆಯ ನಡುರಾತ್ರಿ. ಕೊಡಲಿಯ ಬಾಯಿ ಬೆಳದಿಂಗಳಿಗೆ ಮಿಂಚಿತು. ‘ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ!’ ಎಂದು ಅಜ್ಜ ಗುಡುಗಿದರು. ದೂರದಲ್ಲಿ ಕುದುರೆಗಳ ಸದ್ದು. ಬಿಳಿ ಸಾಹೇಬನ ಚಾವಟಿ ಗಾಳಿಯಲ್ಲಿ ಸುಯ್ಯೆಂದಿತು. ಬೇಲಿಯ ಮರೆಯಿಂದ ಬೆರಳು ಚಾಚಿ ತೋರಿಸುತ್ತಿದ್ದ ಪಕ್ಕದ ಮನೆಯ ಹೆಂಡದವನ ಕಣ್ಣಲ್ಲಿ ಇನಾಮಿನ ಆಸೆ ಹೊಳೆಯುತ್ತಿತ್ತು.”

ಓದಿಸಿಕೊಂಡು ಹೋಗುವ ಗದ್ಯ. ಮೇಷ್ಟ್ರಿಗೆ ಬರೆಯುವ ಕೈ ಇದೆ. ಆದರೆ ಈ ಏಳೆಂಟು ಸಾಲುಗಳಲ್ಲಿ ಏನೇನು ನಡೆದಿದೆ ಎಂದು ಬಿಡಿಸಿ ನೋಡಬೇಕು.

ಘೋಷಣೆಯಿಂದ ಶುರು ಮಾಡೋಣ. ಭಾರತ ಬಿಟ್ಟು ತೊಲಗಿ ಚಳವಳಿ 1942ರ ಆಗಸ್ಟಿನದು. 1939ರ ಬಾಯಿಗೆ ಆ ಕೂಗು ಮೂರು ವರ್ಷ ಮುಂಚೆ ಬಂದುಬಿಟ್ಟಿದೆ. ಇದು ಸಣ್ಣ ತಪ್ಪು, ತಿದ್ದಿದರೆ ಆಯಿತು. ಬಿಳಿ ಸಾಹೇಬನದು ಹಾಗಲ್ಲ. ಚಿತ್ರದುರ್ಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿ ಮಿರ್ಜಾ ಇಸ್ಮಾಯಿಲ್. ಊರಿಗೆ ಬರುತ್ತಿದ್ದದ್ದು ಮಹಾರಾಜರ ಸರ್ಕಾರದ ಅಮಲ್ದಾರರು, ಅಂದರೆ ತಾಲೂಕಿನ ಅಧಿಕಾರಿಗಳು, ಮಹಾರಾಜರ ಸರ್ಕಾರದ ಪೊಲೀಸರು. ಅವರೂ ಕನ್ನಡ ಮಾತಾಡುವವರೇ. ಮೈಸೂರು ಕಾಂಗ್ರೆಸ್ ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಪ್ರಜೆಗಳಿಗೆ ಉತ್ತರ ಕೊಡುವ ಆಡಳಿತವನ್ನು. ಜನ ದೇವರಂತೆ ಕಾಣುತ್ತಿದ್ದ ದೊರೆಯ ಸರ್ಕಾರದ ಎದುರು ಹಳ್ಳಿಯ ರೈತನೊಬ್ಬ ನಿಲ್ಲಬೇಕಾದರೆ ಅವನೊಳಗೆ ಎಂಥ ಜಗ್ಗಾಟ ನಡೆದಿರಬೇಕು! ಆ ಜಗ್ಗಾಟವೇ ಈ ಬದುಕಿನ ತಿರುಳು. ಸಿನಿಮಾದಿಂದ ಎದ್ದು ಬಂದ ಬಿಳಿ ಸಾಹೇಬ ಚಾವಟಿ ಬೀಸಿದ ಕೂಡಲೇ ಅದಕ್ಕೆ ಜಾಗವೇ ಇಲ್ಲದಾಯಿತು.

ನಡುರಾತ್ರಿಯದು ಇನ್ನೂ ದೊಡ್ಡ ವಿಷಯ. ಸತ್ಯಾಗ್ರಹವೆಂದರೆ ಮೊದಲೇ ಸಾರಿ, ಹಗಲಲ್ಲಿ, ಎಲ್ಲರೂ ನೋಡುವಂತೆ ಕಾನೂನು ಮುರಿದು, ಬಂಧಿಸಿ ಎಂದು ನಿಲ್ಲುವುದು. ಕತ್ತಲಲ್ಲಿ ಮರ ಕಡಿದು ಓಡುವವನು ಬೇರೆ ಥರದ ಹೋರಾಟಗಾರ. ಅವನನ್ನು ನಾನು ಕೀಳು ಎನ್ನುತ್ತಿಲ್ಲ, ಆದರೆ ಈ ಅಜ್ಜ ಅವನಲ್ಲ. ಮೇಷ್ಟ್ರು, ನಾನು ಇಬ್ಬರೂ ದಾವಣಗೆರೆಗೆ ಹೋಗಿ ಅವರ ಸೋದರತ್ತೆಯನ್ನು ಮಾತಾಡಿಸಿದಾಗ ಆಕೆ ಕೇಳಿದ ತಕ್ಷಣ ಹೇಳಿದರು: “ರಾತ್ರಿ ಯಾಕೋ ಹೋಗ್ತಾರೆ? ಹಗಲೊತ್ತೇ ಕಣಪ್ಪ. ನಮ್ಮವ್ವ ಕೊಡ್ಲಿಗೆ ಕುಂಕುಮ ಹಚ್ಚಿ ಕಳಿಸಿದ್ಲಂತೆ. ಊರೆಲ್ಲಾ ಹಿಂದೆ ಹೋಗಿತ್ತಂತೆ.”

ಕುಂಕುಮ ಹಚ್ಚಿದ ಕೊಡಲಿ ಮೇಷ್ಟ್ರ ಹಸ್ತಪ್ರತಿಯಲ್ಲಿ ಎಲ್ಲೂ ಇರಲಿಲ್ಲ.

ಕಲ್ಪನೆ ಬೆರೆಸಿದರೆ ಸತ್ಯದ ಜೊತೆಗೆ ಸ್ವಲ್ಪ ಬಣ್ಣ ಸೇರುತ್ತದೆ, ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಈ ಹಸ್ತಪ್ರತಿಯಲ್ಲಿ ಆದದ್ದು ಅದಲ್ಲ. ಕಟ್ಟಿದ ಒಂದೊಂದು ದೃಶ್ಯವೂ ನಿಜವಾದ ಒಂದೊಂದು ವಿವರವನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ಕೂತಿತ್ತು. ಬೆಳದಿಂಗಳು ಬಂದು ಕುಂಕುಮ ಹೋಯಿತು, ಬಿಳಿ ಸಾಹೇಬ ಬಂದು ಅಮಲ್ದಾರ ಹೋದ.

ನಿಜಲಿಂಗಪ್ಪನವರ ದೃಶ್ಯವೂ ಇತ್ತು. ಅವರು ಅಜ್ಜನ ಹೆಗಲ ಮೇಲೆ ಕೈಯಿಟ್ಟು “ನಿನ್ನಂಥವರಿಂದಲೇ ನಾಡು ಉಳಿಯುತ್ತದೆ” ಎಂದರು ಎಂಬುದು. ದುರ್ಗದ ಸೀಮೆಯಲ್ಲಿ ನಿಜಲಿಂಗಪ್ಪ ನಮ್ಮ ಜಗಲಿಯ ಮೇಲೆ ಕೂತಿದ್ದರು ಎನ್ನದ ಹಳೆಯ ಮನೆ ಕಡಿಮೆ. ಸಾಕಷ್ಟು ಮನೆಗಳಲ್ಲಿ ಅದು ನಿಜವೂ ಹೌದು, ಅವರು ಹಾಗೆ ಓಡಾಡಿದವರು. ಆದರೆ ಹಸ್ತಪ್ರತಿಯ ಅಜ್ಜ ಅವರನ್ನು ಕಂಡು ಬೆರಗಾಗುವ ರೀತಿ 1939ರದಲ್ಲ. ಆಗಿನ್ನೂ ಅವರು ನಲವತ್ತು ತುಂಬದ ವಕೀಲರು. 1956ರಲ್ಲಿ ಮುಖ್ಯಮಂತ್ರಿಯಾದವರ ಎತ್ತರವನ್ನು ಮನೆಯವರ ನೆನಪು ಹಿಂದಕ್ಕೆ ಒಯ್ದು ಆ ವಕೀಲರ ಹೆಗಲೇರಿಸಿದೆ. ನೆನಪು ಹಾಗೇ ಕೆಲಸ ಮಾಡುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ಆಮೇಲೆ ತಿಳಿದದ್ದನ್ನು ಮೊದಲಿಗೇ ಸೇರಿಸಿಕೊಳ್ಳುತ್ತದೆ. ಚರಿತ್ರೆ ಬರೆಯುವವನು ಆ ಪದರಗಳನ್ನು ಬಿಡಿಸಬೇಕು.

ಟ್ರಂಕಿನಲ್ಲಿ ಸಿಕ್ಕ ಅರ್ಜಿ

ಕಲ್ಪನೆ ಕವಿ ಮನಸ್ಸಿನಿಂದಲೇ ಬರುತ್ತದೆಂದು ತಿಳಿಯಬಾರದು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ಸರ್ಕಾರಿ ಅರ್ಜಿ.

ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಿತು. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದಿರಬೇಕು ಎಂಬುದು ಅದರ ಷರತ್ತು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರ ತರಬೇಕಿತ್ತು. ಅಜ್ಜನ ಟ್ರಂಕಿನಲ್ಲಿ ಟೈಪು ಮಾಡಿಸಿದ ಅರ್ಜಿಯ ಪ್ರತಿಯೊಂದಿತ್ತು. ಅದರಲ್ಲಿ ‘ಆರು ತಿಂಗಳು ಸಜೆ’ ಎಂದಿತ್ತು. ಮೇಷ್ಟ್ರು ಅದನ್ನೇ ಆಧಾರವಾಗಿ ಹಿಡಿದು ಆರು ತಿಂಗಳ ಜೈಲುವಾಸವನ್ನು ಒಂದು ಪೂರ್ತಿ ಅಧ್ಯಾಯವಾಗಿ ಬರೆದಿದ್ದರು. ಅವರ ತಪ್ಪೆನ್ನಲಾಗದು. ಟೈಪಾದ, ತಾರೀಖು ಹಾಕಿದ ಕಾಗದ ಕೈಗೆ ಸಿಕ್ಕರೆ ಯಾರಾದರೂ ದಾಖಲೆ ಸಿಕ್ಕಿತು ಎಂದೇ ಸಂತೋಷಪಡುತ್ತಾರೆ.

ಆದರೆ ಅರ್ಜಿಯ ಕೊನೆಯಲ್ಲಿ ಸಹಿ ಇರಲಿಲ್ಲ.

ಸೋದರತ್ತೆ ಹೇಳಿದ್ದು: “ಅಪ್ಪ ಒಳಗಿದ್ದದ್ದು ಮೂರು ತಿಂಗಳು. ಕೋರ್ಟಿನ ಮುಂದೆ ಅರ್ಜಿ ಬರೆಯೋನು ಆರು ಅಂತ ಹಾಕ್ಬಿಟ್ಟಿದ್ದ, ಇಲ್ದಿದ್ರೆ ಬರಲ್ಲ ಅಂತ. ಅಪ್ಪ ಓದಿಸ್ಕೊಂಡು ಕೇಳಿ, ಮಡಚಿ ಇಟ್ಟ. ಆಮೇಲೆ ಅದರ ಮಾತೇ ಆಡ್ಲಿಲ್ಲ.”

ಪಿಂಚಣಿ ಬರಲಿಲ್ಲ ಎಂಬುದು ಆ ಮನೆಯಲ್ಲಿ ಬಹಳ ಕಾಲ ಒಂದು ಅವಮಾನದಂತೆ ಉಳಿದಿತ್ತು. ಬೇರೆಯವರಿಗೆ ಬಂತು, ನಮ್ಮಜ್ಜನಿಗೆ ಬರಲಿಲ್ಲ ಎಂಬ ಸಂಕಟ. ಮೇಷ್ಟ್ರು ಪುಸ್ತಕ ಬರೆಯಲು ಹೊರಟದ್ದರ ಹಿಂದೆಯೂ ಆ ಸಂಕಟವಿದೆ ಎಂದು ನನಗನಿಸುತ್ತದೆ. ಅಜ್ಜ ಸಹಿ ಹಾಕದೆ ಮಡಚಿಟ್ಟ ಮಾತಿಗೆ ಮೊಮ್ಮಗ ಪ್ರೀತಿಯಿಂದಲೇ ಸಹಿ ಹಾಕಲು ಹೊರಟಿದ್ದರು.

ಹಾಗಾದರೆ ಸಹಿಯಿಲ್ಲದ ಕಾಗದ ಏನನ್ನು ಹೇಳುತ್ತದೆ? ಸುಳ್ಳಿಗೆ ಒಪ್ಪದೆ ನಿರಾಕರಿಸಿದರು ಎಂದು ಮಗಳ ಮಾತಿನಿಂದ ಅನಿಸುತ್ತದೆ. ಕೇಳಿದ ಕೂಡಲೇ ಮೇಷ್ಟ್ರ ಕಣ್ಣು ತುಂಬಿತು, ಅಲ್ಲೇ ಕೂತು ಅದನ್ನೊಂದು ದೃಶ್ಯವಾಗಿ ಬರೆಯಲು ತೊಡಗಿದರು. ನಾನು ತಡೆದೆ. ಅದು ಸುಂದರವಾದ ವಿವರ ಎಂಬ ಕಾರಣಕ್ಕೇ ಇನ್ನೂ ಎಚ್ಚರ ಬೇಕು. ನಮ್ಮ ಕೈಯಲ್ಲಿರುವುದು ಸಹಿಯಿಲ್ಲದ ಒಂದು ಕಾಗದ, ಅದನ್ನು ಕಣ್ಣಾರೆ ಕಂಡ ಒಬ್ಬ ಮಗಳ ಮಾತು. ಅವೆರಡನ್ನು ಅಷ್ಟಕ್ಕಷ್ಟೇ ಬರೆದರೆ ಓದುಗನೇ ಆ ಮನುಷ್ಯನನ್ನು ಕಂಡುಕೊಳ್ಳುತ್ತಾನೆ. ಅಜ್ಜ ಆ ಹೊತ್ತಿನಲ್ಲಿ ಏನಂದುಕೊಂಡರು ಎಂದು ಒಂದು ಸಾಲು ಸೇರಿಸಿದರೆ ಆ ಬಲ ಕಡಿಮೆಯಾಗುತ್ತದೆ.

ಹೆಂಡದವನ ಮನೆ

ಇದುವರೆಗಿನ ತಪ್ಪುಗಳಿಂದ ನೊಂದವರು ಯಾರೂ ಇಲ್ಲ. ಬೇಲಿಯ ಮರೆಯಲ್ಲಿ ನಿಂತು ಬೆರಳು ತೋರಿಸಿದವನದು ಬೇರೆ.

ಆತ ಈಚಲು ಮರ ಗೀಸಿ ಹೆಂಡ ಇಳಿಸುತ್ತಿದ್ದವನು, ನಿಜವಾಗಿಯೂ ಪಕ್ಕದ ಮನೆಯವನು. ಹಸ್ತಪ್ರತಿಯಲ್ಲಿ ಅವನ ನಿಜ ಹೆಸರೇ ಇತ್ತು. ಪೊಲೀಸರಿಗೆ ಸುಳಿವು ಕೊಟ್ಟು, ಇನಾಮು ಪಡೆದು, ಪಾಪಪ್ರಜ್ಞೆಯಿಂದ ಊರು ಬಿಟ್ಟು ಓಡಿಹೋದ ಎಂದು ಮೂರು ಅಧ್ಯಾಯಗಳಲ್ಲಿ ಹರಡಿಕೊಂಡಿತ್ತು ಅವನ ಕಥೆ. ಇದಕ್ಕೇನು ಆಧಾರ ಎಂದೆ. “ಊರಲ್ಲಿ ಹಾಗಂತಾರೆ ಸಾರ್. ಅದೂ ಅಲ್ದೆ, ಕಥೆಗೆ ಒಬ್ಬ ಎದುರಾಳಿ ಬೇಕಲ್ಲ” ಎಂದರು ಮೇಷ್ಟ್ರು.

ಮೊದಲೇ ಸಾರಿ, ಹಗಲಲ್ಲಿ ಮಾಡಿದ ಸತ್ಯಾಗ್ರಹಕ್ಕೆ ಸುಳಿವು ಕೊಡುವವನ ಅಗತ್ಯವೇ ಇಲ್ಲ. ನಡುರಾತ್ರಿ ಎಂಬ ಒಂದು ಕಲ್ಪನೆ ದ್ರೋಹಿಯೊಬ್ಬನನ್ನು ಬೇಡಿತು, ದ್ರೋಹಿಯ ಜಾಗಕ್ಕೆ ಪಕ್ಕದ ಮನೆಯವನು ಸಿಕ್ಕ. ಕಟ್ಟುಕಥೆ ಹೀಗೆ ತನ್ನಷ್ಟಕ್ಕೆ ತಾನೇ ಮುಂದಿನ ಸುಳ್ಳನ್ನು ಕೇಳುತ್ತಾ ಹೋಗುತ್ತದೆ.

ಅವನು ಊರು ಬಿಟ್ಟದ್ದು ನಿಜ. ಮರ ಗೀಸಿ ಬದುಕುತ್ತಿದ್ದವನ ಮರಗಳನ್ನೇ ಕಡಿದ ಮೇಲೆ ಅವನು ಏನು ತಿನ್ನಬೇಕು? ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ತಲೆಯೆತ್ತುತ್ತಿದ್ದ ಕಾಲ ಅದು. ಸೋದರತ್ತೆಯ ಪ್ರಕಾರ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಿರಣಿ ಕೂಲಿಗೆ ಹೋದ. ಅವನ ಮೊಮ್ಮಕ್ಕಳು ಈಗಲೂ ದಾವಣಗೆರೆಯಲ್ಲಿದ್ದಾರೆ, ಆಕೆಗೆ ಪರಿಚಯದವರೇ. “ಅವ್ರ ಮುಖ ನೋಡಿ ನಾನು ಈ ಪುಸ್ತಕ ಹೆಂಗೆ ಕೊಡ್ಲಿ ಮಗ?” ಎಂದು ಆಕೆ ಕೇಳಿದರು. ಮೇಷ್ಟ್ರು ತಲೆ ತಗ್ಗಿಸಿ ಕೂತರು.

ಕಾನೂನಿನ ಮಾತೂ ಇದೆ. ತೀರಿಕೊಂಡವರ ಬಗ್ಗೆ ಏನು ಬರೆದರೂ ನಡೆಯುತ್ತದೆ ಎಂಬ ನಂಬಿಕೆ ಬರೆಯುವವರಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಬದುಕಿದ್ದರೆ ಮಾನಹಾನಿಯಾಗುತ್ತಿದ್ದ ಆರೋಪವನ್ನು ಸತ್ತವರ ಮೇಲೆ ಹೊರಿಸಿ, ಅದು ಅವರ ಮನೆಯವರ, ಹತ್ತಿರದ ನೆಂಟರ ಮನಸ್ಸು ನೋಯಿಸುವ ಉದ್ದೇಶದ್ದಾದರೆ ಅದು ಮಾನನಷ್ಟವೇ ಆಗಬಹುದು. ಹಳೆಯ ದಂಡ ಸಂಹಿತೆಯ 499ನೇ ಕಲಮಿನ ವಿವರಣೆಯಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಇದೆ. ಮೇಷ್ಟ್ರಿಗೆ ನೋಯಿಸುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಹಾಗಂತ ನಾನು ಈ ವಿಷಯವನ್ನು ಕಾನೂನಿನ ಭಯಕ್ಕೆ ಇಳಿಸುವುದಿಲ್ಲ. ಒಬ್ಬ ಬಡವನ ಹೋರಾಟವನ್ನು ಎತ್ತಿಹಿಡಿಯಲು ಇನ್ನೊಬ್ಬ ಬಡವನ ಕಷ್ಟವನ್ನು ದ್ರೋಹವೆಂದು ಬರೆಯುವುದು ಅನ್ಯಾಯ, ಕಾನೂನು ಸುಮ್ಮನಿದ್ದರೂ ಅನ್ಯಾಯ.

ಮೇಷ್ಟ್ರ ವಾದ

ಅವರು ಸುಲಭಕ್ಕೆ ಒಪ್ಪಲಿಲ್ಲ. ಅವರ ವಾದದಲ್ಲಿ ತೂಕವಿತ್ತು.

“ತರಾಸು ಬರೀಲಿಲ್ವಾ ಸಾರ್? ಮದಕರಿ ನಾಯಕರು ಮಾತಾಡಿದ್ದನ್ನ ಯಾರು ಕೇಳಿಸ್ಕೊಂಡಿದ್ರು?” ಎಂದರು. ದುರ್ಗದವರಿಗೆ ಇದು ಮನೆಯ ಪ್ರಶ್ನೆ. 1779ರಲ್ಲಿ ಹೈದರ್ ಅಲಿಗೆ ಕೋಟೆ ಬಿದ್ದು ಕೊನೆಯ ಮದಕರಿ ಸೆರೆಯಾದದ್ದು ಇತಿಹಾಸ. ಆ ನಾಯಕನ ದನಿ, ನಿಲುವು, ಕೊನೆಯ ದಿನಗಳ ಮಾತು ನಮ್ಮ ಕಿವಿಯಲ್ಲಿ ಉಳಿದಿರುವುದು ಬಹುಪಾಲು ‘ದುರ್ಗಾಸ್ತಮಾನ’ದಿಂದ. ಓಬವ್ವ ನಮ್ಮ ಕಣ್ಣಿಗೆ ಕಟ್ಟಿರುವುದರಲ್ಲೂ 1972ರ ‘ನಾಗರಹಾವು’ ಚಿತ್ರದ ಪಾಲು ದೊಡ್ಡದು. ಆದರೆ ತರಾಸು ತಮ್ಮ ಕೃತಿಯನ್ನು ಕಾದಂಬರಿ ಎಂದೇ ಕರೆದರು. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಕಾದಂಬರಿಗೇ. ಓದುಗನೊಂದಿಗೆ ಅವರ ಕರಾರು ಸ್ಪಷ್ಟ. ಆಮೇಲೆ ನಾವು ಅದನ್ನು ಭಾಷಣಗಳಲ್ಲಿ ಇತಿಹಾಸವೆಂದು ಉಲ್ಲೇಖಿಸಿದರೆ ಅದು ನಮ್ಮ ಸೋಮಾರಿತನ. ಮೇಷ್ಟ್ರು ಮುಖಪುಟದಲ್ಲಿ ‘ಜೀವನಚರಿತ್ರೆ’ ಎಂದು ಬರೆಸಿದ್ದರು. ಆ ಪದ ಬೇರೆಯೇ ಕರಾರು.

ಅವರ ಎರಡನೆಯ ಮಾತಿಗೆ ಉತ್ತರಿಸುವುದು ಕಷ್ಟವಾಯಿತು. “ದಾಖಲೆ, ದಾಖಲೆ ಅಂತೀರಿ. ನಮ್ಮಜ್ಜನ ಬಗ್ಗೆ ದಾಖಲೆ ಬರೆದೋರು ಯಾರು? ಪೊಲೀಸರು. ಇಂಥಾ ಊರಿನ ಇಂಥವನು, ಇಂಥಾ ಕಲಮು, ಇಷ್ಟು ಸಜೆ. ದೊಡ್ಡೋರು ಡೈರಿ ಬರೀತಾರೆ, ಕಾಗದ ಬರೀತಾರೆ. ಓದು ಬಾರದವನ ಮನಸ್ಸಿಗೆ ದಾಖಲೆ ಎಲ್ಲಿಂದ ತರ್ಲಿ? ನಾನು ಊಹಿಸ್ದೆ ಇದ್ರೆ ಅವನು ಬರೀ ಕೈದಿ ನಂಬರಾಗಿ ಉಳೀತಾನೆ.”

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಡವರ ಬದುಕು ಬರೆಯುವವನಿಗೆ ಕಲ್ಪನೆ ಬೇಕೇ ಬೇಕು. ಕಾಗದವನ್ನಷ್ಟೇ ನಂಬುತ್ತೇನೆ ಎನ್ನುವವನು ಕಾಗದ ಇದ್ದವರ ಚರಿತ್ರೆಯನ್ನಷ್ಟೇ ಬರೆಯಬಲ್ಲ. ಆದರೆ ಆ ಕಲ್ಪನೆ ಗೊತ್ತಿಲ್ಲದ ಜಾಗದಲ್ಲಿ ಕೆಲಸ ಮಾಡಬೇಕು, ಗೊತ್ತಿರುವುದನ್ನು ಅಳಿಸಬಾರದು. ಎಲ್ಲಿ ಊಹೆ ಶುರುವಾಯಿತು ಎಂಬುದು ಓದುವವನಿಗೆ ಕಾಣಬೇಕು. ದೊಡ್ಡ ದೇಶದ ದೊಡ್ಡ ಲೇಖಕರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಅಧ್ಯಕ್ಷ ರೇಗನ್ನರ ಅಧಿಕೃತ ಜೀವನಚರಿತ್ರೆಕಾರ ಎಡ್ಮಂಡ್ ಮಾರಿಸ್ 1999ರಲ್ಲಿ ತಂದ ಪುಸ್ತಕದಲ್ಲಿ, ರೇಗನ್ನರ ಎಳೆಯ ದಿನಗಳಿಂದಲೂ ಅವರನ್ನು ಕಂಡವನೆಂಬಂತೆ ಒಬ್ಬ ಕಲ್ಪಿತ ನಿರೂಪಕನನ್ನು ಸೇರಿಸಿದರು. ಕಲ್ಪಿತ ಪಾತ್ರಗಳಿಗೆ ಅಡಿಟಿಪ್ಪಣಿಯ ಆಧಾರವನ್ನೂ ಕಟ್ಟಿಕೊಟ್ಟರು. ವರ್ಷಗಟ್ಟಲೆ ಮಾಡಿದ ನಿಜವಾದ ಸಂಶೋಧನೆಯ ಮೇಲೂ ಜನ ಅನುಮಾನಪಟ್ಟರು. ಮೇಷ್ಟ್ರ ಪುಸ್ತಕಕ್ಕೂ ಅದೇ ಅಪಾಯವಿತ್ತು. ಚಾವಟಿಯ ಬಿಳಿ ಸಾಹೇಬನನ್ನು ಕಂಡ ಜಾಣ ಓದುಗ ಸಹಿಯಿಲ್ಲದ ಅರ್ಜಿಯನ್ನೂ ನಂಬುತ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಜಿಲ್ಲೆಯದೇ ಒಂದು ಬಂಡೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನವಿದೆ. ಮಾತು ಚಕ್ರವರ್ತಿಯದು. ಆದರೆ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ಇದನ್ನು ಬರೆದವನು ತಾನು ಎಂದು ಸೇರಿಸಿದ್ದಾನೆ. ಅದರಲ್ಲೂ ಲಿಪಿಕಾರ ಎಂಬ ಪದವನ್ನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷದ ಮೇಲೂ ಯಾರ ಮಾತು ಎಲ್ಲಿಗೆ ಮುಗಿದು ಯಾರ ಕೈ ಎಲ್ಲಿ ಶುರುವಾಯಿತು ಎಂದು ಬಂಡೆಯ ಮೇಲೆ ಬೇರೆಬೇರೆಯಾಗಿ ಕಾಣುತ್ತದೆ. ಇತಿಹಾಸದ ಪಾಠ ಮಾಡುವ ಮೇಷ್ಟ್ರಿಗೆ ಇದನ್ನು ನಾನು ವಿವರಿಸಬೇಕಿರಲಿಲ್ಲ. ನೆನಪಿಸಿದ್ದಷ್ಟೇ.

ತಿದ್ದಿದ್ದು ಹೇಗೆ

ಮೊದಲ ಅಧ್ಯಾಯವನ್ನು ಅವರೇ ಹೊಸದಾಗಿ ಬರೆದರು. ಅದರ ಆರಂಭ ಈಗ ಹೀಗಿದೆ:

“ಕೊಡಲಿಗೆ ಕುಂಕುಮ ಹಚ್ಚಿ ಕಳಿಸಿದ್ದು ನಮ್ಮಜ್ಜಿ. ಇದನ್ನು ಹೇಳಿದ್ದು ನನ್ನ ಸೋದರತ್ತೆ, ಅವರಿಗೆ ಹೇಳಿದ್ದು ಅಜ್ಜಿಯೇ. ಹಗಲು ಹೊತ್ತು. ಊರವರು ಹಿಂದೆ ನಡೆದರು. ಮರ ಕಡಿದರೆ ಜೈಲು ಎಂಬುದು ಎಲ್ಲರಿಗೂ ಗೊತ್ತಿತ್ತು, ಆ ಮರಗಳಿಂದಲೇ ಪಕ್ಕದ ಮನೆಯ ಒಲೆ ಉರಿಯುತ್ತಿತ್ತು ಎಂಬುದೂ ಗೊತ್ತಿತ್ತು. ಅಜ್ಜ ಆ ಮನೆಯ ಮುಂದೆಯೇ ಹಾದು ಹೋಗಿರಬೇಕು, ಬೇರೆ ದಾರಿ ಇರಲಿಲ್ಲ. ಆಗ ಅವರು ತಲೆಯೆತ್ತಿ ನೋಡಿದರೋ ಇಲ್ಲವೋ, ಅವರು ಯಾರಿಗೂ ಹೇಳಲಿಲ್ಲ.”

ಮೊದಲಿನದಕ್ಕಿಂತ ಇದು ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ. ಎದುರಾಳಿ ಬೇಕು ಎನ್ನುತ್ತಿದ್ದರಲ್ಲ, ಈಗ ನಿಜವಾದ ಇಕ್ಕಟ್ಟೇ ಅಲ್ಲಿದೆ. ಊಹೆಯೂ ಇದೆ. ‘ಹಾದು ಹೋಗಿರಬೇಕು’ ಎಂಬಲ್ಲಿ ಅದು ಬಾಯಿಬಿಟ್ಟು ತಾನು ಊಹೆ ಎನ್ನುತ್ತದೆ, ಊರಿನ ದಾರಿಯನ್ನು ಆಧಾರವಾಗಿ ಮುಂದಿಡುತ್ತದೆ.

ಸಂಭಾಷಣೆಗಳಲ್ಲಿ ಕೇಳಿದವರು ಇನ್ನೂ ಬದುಕಿರುವಂಥವನ್ನು ಮಾತ್ರ ಉಳಿಸಿದರು. ಉಳಿದ ಜೈಲಿನ ರಾತ್ರಿಗಳನ್ನು, ಅಜ್ಜನ ಮನದೊಳಗಿನ ಮಾತನ್ನು ‘ನಾನು ಕಲ್ಪಿಸಿಕೊಂಡದ್ದು’ ಎಂಬ ಪ್ರತ್ಯೇಕ ಅಧ್ಯಾಯಕ್ಕೆ ತಂದು ಕೆಳಗೆ ತಮ್ಮ ಹೆಸರು ಹಾಕಿದರು. ಜೈಲಿನ ಅವಧಿಯನ್ನು ಮೂರು ತಿಂಗಳೆಂದು ತಿದ್ದಿ, ಹಾಗೆಂದವರು ಯಾರು ಎಂಬುದನ್ನೂ ಸೇರಿಸಿದರು. ಸಹಿಯಿಲ್ಲದ ಅರ್ಜಿಯ ಫೋಟೋ ಇಡೀ ಪುಟ ತುಂಬಿ ಬರುತ್ತದೆ, ಅದರ ಎದುರು ಪುಟದಲ್ಲಿ ಮಗಳ ಮಾತು ಅಷ್ಟೇ. ಹೆಗಲ ಮೇಲೆ ಕೈಯಿಟ್ಟ ದೃಶ್ಯವನ್ನು ‘ನಮ್ಮ ಮನೆಯಲ್ಲಿ ಹೇಳುತ್ತಾ ಬಂದ ಮಾತು’ ಎಂದು ಉಳಿಸಿಕೊಂಡರು. ನಾನು ಬೇಡವೆನ್ನಲಿಲ್ಲ. ಒಂದು ಮನೆ ಏನನ್ನು ನಂಬಿಕೊಂಡು ಬದುಕಿತು ಎಂಬುದೂ ಆ ಮನೆಯ ಚರಿತ್ರೆಯೇ.

ಪಕ್ಕದ ಮನೆಯವನ ವಿಷಯದಲ್ಲಿ ಹೆಸರು ತೆಗೆದರೆ ಸಾಕು ಎಂಬುದು ಮೇಷ್ಟ್ರ ಮೊದಲ ಯೋಚನೆ. ಊರಿನವರಿಗೆ ಹೆಸರಿಲ್ಲದೆಯೂ ಗುರುತು ಸಿಗುತ್ತದೆ, ಹಾಗಾಗಿ ಅದು ಸಾಲದು ಎಂದೆ. ಅವರು ಸೋದರತ್ತೆಯನ್ನು ಜೊತೆಗೆ ಕರೆದುಕೊಂಡು ಆ ಮೊಮ್ಮಕ್ಕಳ ಮನೆಗೆ ಹೋದರು. ನಾನು ಹೋಗಲಿಲ್ಲ, ಅದು ಎರಡು ಮನೆಗಳ ನಡುವಿನ ಮಾತು. ಬಂದ ಮೇಲೆ ಮೇಷ್ಟ್ರು ಹೇಳಿದ್ದಿಷ್ಟು: ಅವರು ತಮ್ಮ ಅಜ್ಜನ ಬಗ್ಗೆ ಊರಲ್ಲಿ ಆಡಿಕೊಳ್ಳುವುದನ್ನು ಮೊದಲೇ ಕೇಳಿದ್ದರು. ಅವನ ಹೆಸರನ್ನು ಪುಸ್ತಕದಿಂದ ತೆಗೆಯುವುದು ಬೇಡ, ಗಿರಣಿಗೆ ಹೋದದ್ದು ಯಾಕೆಂದು ಬರೆಯಿರಿ ಎಂದು ಕೇಳಿಕೊಂಡರು.

ಹಾಗಾಗಿ ಆ ಅಧ್ಯಾಯ ಇನ್ನೂ ಮುಗಿದಿಲ್ಲ. ಅವರ ಮನೆಯಲ್ಲಿ ಗಿರಣಿಯ ಕಾಲದ ಒಂದು ಫೋಟೋ, ಒಂದೆರಡು ಚೀಟಿಗಳಿವೆಯಂತೆ. ಅವನ್ನು ನೋಡಿ ಬರೆಯುವವರೆಗೂ ಬಿಡುಗಡೆಯ ದಿನ ಗೊತ್ತುಮಾಡುವುದಿಲ್ಲ ಎಂದು ಮೇಷ್ಟ್ರು ಡಿಟಿಪಿಯವರಿಗೆ ಹೇಳಿಬಿಟ್ಟಿದ್ದಾರೆ. ಉಳಿದ ಪುಟಗಳ ಕರಡು ನನ್ನ ಬಳಿ ಇದೆ. ಎರಡನೆಯ ಸುತ್ತಿನ ತಿದ್ದುಪಡಿ ನಡೆಯುತ್ತಿದೆ.